ನಾವು ಓದಿ ಮುಗಿಸಿದ ಸಾಫ್ಟ್‌ವೇರ್ ಎಂಜಿನಿಯರಿಂಗ್: ಬೋರ್ಡ್ ಆಫ್ ಸ್ಟಡೀಸ್‌ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಬೋರ್ಡ್ ಆಫ್ ಸ್ಟಡೀಸ್, ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್,
ನಮ್ಮ ವಿಶ್ವವಿದ್ಯಾಲಯ

ವಿಷಯ: ಸಾಫ್ಟ್‌ವೇರ್ ಎಂಜಿನಿಯರಿಂಗ್ ಕೋರ್ಸಿನ ಪ್ರಾಜೆಕ್ಟ್, ಪರೀಕ್ಷೆ ಮತ್ತು ಅಂಕ ಕೊಡುವ ರೀತಿ ಬದಲಿಸುವ ಬಗ್ಗೆ

ಮಾನ್ಯರೇ,

ಈ ಸೆಮಿಸ್ಟರ್‌ನಲ್ಲಿ ನಾನು ಸಾಫ್ಟ್‌ವೇರ್ ಎಂಜಿನಿಯರಿಂಗ್ ಕೋರ್ಸ್ ಮುಗಿಸಿದೆ. ಫಲಿತಾಂಶ ಬಂದಿದೆ, ಒಳ್ಳೆಯ ಗ್ರೇಡ್ ಸಿಕ್ಕಿದೆ. ಮರುಮೌಲ್ಯಮಾಪನ ಕೇಳಲು ಈ ಪತ್ರ ಬರೆಯುತ್ತಿಲ್ಲ. ಪಾಠ ಮಾಡಿದ ಯಾವ ಮೇಷ್ಟ್ರ ಮೇಲೂ ನನಗೆ ದೂರಿಲ್ಲ. ಕೋರ್ಸ್ ನನಗೆ ತುಂಬಾ ಇಷ್ಟವಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಬೇರೆ ಕೋರ್ಸ್‌ಗಳಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತೆವು. ಬೇರೆಯವರು ದಿನವೂ ನಂಬಿಕೊಂಡು ಬಳಸುವಂಥ ಸಾಫ್ಟ್‌ವೇರ್ ಮಾಡುವುದು ಹೇಗೆ, ಅದನ್ನು ವರ್ಷಗಟ್ಟಲೆ ನೋಡಿಕೊಳ್ಳುವುದು ಹೇಗೆ ಅನ್ನುವ ಪ್ರಶ್ನೆ ಬಂದದ್ದು ಇಲ್ಲಿ ಮಾತ್ರ.

ನನ್ನ ಮಾತು ಇಷ್ಟೇ. ಈ ಕೋರ್ಸಿನಲ್ಲಿ ನಾವು ನಿಜವಾಗಿ ಏನು ಕಲಿತೆವೋ ಅದಕ್ಕೆ ಅಂಕ ಇರಲಿಲ್ಲ. ಅಂಕ ಇದ್ದದ್ದನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಿ, ಬೆಳಗ್ಗೆ ಬರೆದು, ಮಧ್ಯಾಹ್ನಕ್ಕೆ ಮರೆತೆವು. ಸಿಲಬಸ್ ಮತ್ತು ಪರೀಕ್ಷೆಯ ರೀತಿ ನಿರ್ಧರಿಸುವ ಮಂಡಳಿ ತಮ್ಮದು, ಇದನ್ನು ಸರಿ ಮಾಡುವುದು ತಮ್ಮ ಕೈಯಲ್ಲಿದೆ.

ಪ್ರಶ್ನೆಪತ್ರಿಕೆಯಿಂದಲೇ ಶುರು ಮಾಡುತ್ತೇನೆ. ಕಾಲೇಜಿನಲ್ಲಿ ಎಲ್ಲ ನಡೆಯುವುದೂ ಅದನ್ನು ನೋಡಿಕೊಂಡೇ ಅಲ್ವಾ? ಐದು ಮಾಡ್ಯೂಲ್, ಒಂದೊಂದರಲ್ಲೂ ಎರಡು ಪ್ರಶ್ನೆ, ಅದರಲ್ಲಿ ಒಂದನ್ನು ಬರೆಯಬೇಕು. ಹಳೆಯ ಪೇಪರ್‌ಗಳನ್ನು ಮುಂದೆ ಹರವಿಕೊಂಡರೆ ಅವವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ವಾಟರ್‌ಫಾಲ್ ಮಾಡೆಲ್ ಅನ್ನು ಚಿತ್ರದೊಂದಿಗೆ ವಿವರಿಸಿ. ಸ್ಪೈರಲ್ ಮಾಡೆಲ್‌ನ ಅನುಕೂಲ, ಅನಾನುಕೂಲ ಬರೆಯಿರಿ. ಫಂಕ್ಷನಲ್ ಮತ್ತು ನಾನ್-ಫಂಕ್ಷನಲ್ ರಿಕ್ವೈರ್‌ಮೆಂಟ್‌ಗಳಿಗೆ ಇರುವ ವ್ಯತ್ಯಾಸ ತಿಳಿಸಿ. ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಇವುಗಳ ಉತ್ತರಗಳ ಕಟ್ಟು ಸಿಗುತ್ತದೆ. ಅದನ್ನು ಓದಿಕೊಂಡು ಹೋದವರು ಚೆನ್ನಾಗಿಯೇ ಪಾಸಾಗುತ್ತಾರೆ.

ವಾಟರ್‌ಫಾಲ್ ಮಾಡೆಲ್‌ನದೇ ಉದಾಹರಣೆ ನೋಡಿ. ಮೊದಲು ಏನು ಬೇಕು ಅಂತ ಪೂರ್ತಿ ಬರೆದುಕೊಳ್ಳಬೇಕು, ಆಮೇಲೆ ಡಿಸೈನ್, ಆಮೇಲೆ ಕೋಡ್, ಆಮೇಲೆ ಟೆಸ್ಟಿಂಗ್. ಮೆಟ್ಟಿಲಿನಂತೆ ಕೆಳಗಿಳಿಯುವ ಆ ಚಿತ್ರ ನಮಗೆಲ್ಲ ಕಣ್ಣು ಮುಚ್ಚಿದರೂ ಬರೆಯಲು ಬರುತ್ತದೆ. ಈ ಚಿತ್ರದ ಮೂಲ ಅಂತ ಎಲ್ಲರೂ ತೋರಿಸುವುದು ಅಮೆರಿಕದ ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧವನ್ನು. ಆ ಪ್ರಬಂಧವನ್ನು ನಾನು ಪರೀಕ್ಷೆ ಮುಗಿದ ಮೇಲೆ ಹುಡುಕಿ ಓದಿದೆ. ಹೀಗೆ ಒಂದೇ ದಿಕ್ಕಿನಲ್ಲಿ ಇಳಿದುಕೊಂಡು ಹೋದರೆ ಅಪಾಯ, ಕೆಲಸ ಕೆಡುತ್ತದೆ ಅಂತ ರಾಯ್ಸ್ ಅಲ್ಲೇ ಹೇಳಿದ್ದಾರೆ. ಟೆಸ್ಟಿಂಗ್ ಕೊನೆಗೆ ಬರುವುದರಿಂದ ದೊಡ್ಡ ತೊಂದರೆಗಳು ಅಲ್ಲಿಯವರೆಗೂ ಗೊತ್ತೇ ಆಗುವುದಿಲ್ಲ ಅನ್ನುವುದು ಅವರ ಕಾರಣ. ಮೊದಲು ಒಂದು ಸಣ್ಣ ಮಾದರಿ ಮಾಡಿ ನೋಡಿ, ಗ್ರಾಹಕರನ್ನು ಜೊತೆಗಿಟ್ಟುಕೊಳ್ಳಿ ಅನ್ನುವುದು ಅವರ ಸಲಹೆ. ಅವರು ಬೇಡ ಅಂದ ಚಿತ್ರವನ್ನು ನಾವು ಬರೆದು ಹತ್ತು ಅಂಕ ತೆಗೆದುಕೊಂಡಿದ್ದೇವೆ. ಅವರು ಯಾಕೆ ಬೇಡ ಅಂದರು ಅಂತ ಒಂದು ಪೇಪರ್‌ನಲ್ಲೂ ಪ್ರಶ್ನೆ ನೋಡಲಿಲ್ಲ.

ಅಂದಾಜು ಹಾಕುವ ಪಾಠವೂ ಹೀಗೇ. ಬ್ಯಾರಿ ಬೋಮ್ 1981ರಲ್ಲಿ ಕೊಟ್ಟ ಕೊಕೊಮೊ ಸೂತ್ರ ನಮಗೆ ಬಾಯಿಪಾಠ. ಎಷ್ಟು ಸಾವಿರ ಸಾಲು ಕೋಡ್ ಅಂತ ಹಾಕಿದರೆ ಎಷ್ಟು ಜನ ಎಷ್ಟು ತಿಂಗಳು ದುಡಿಯಬೇಕು ಅಂತ ಅದು ಹೇಳುತ್ತದೆ. 2.4, 1.05 ಅನ್ನುವ ಸಂಖ್ಯೆಗಳು ನಾಲಿಗೆ ತುದಿಯಲ್ಲಿವೆ. ಬೋಮ್ ಆ ಸಂಖ್ಯೆಗಳನ್ನು ಸುಮ್ನೆ ಹಾಕಿದವರಲ್ಲ. ಮುಗಿದಿದ್ದ 63 ಪ್ರಾಜೆಕ್ಟ್‌ಗಳ ಲೆಕ್ಕವನ್ನು ಮುಂದಿಟ್ಟುಕೊಂಡು ತೆಗೆದರು. ಅಂದರೆ ಇಲ್ಲಿ ಕಲಿಯಬೇಕಾದ್ದು, ನಾವು ಮಾಡಿದ ಕೆಲಸದ ಲೆಕ್ಕ ಬರೆದಿಟ್ಟುಕೊಂಡು ಮುಂದಿನ ಕೆಲಸವನ್ನು ಅಳೆಯುವುದು. ನಮ್ಮ ತಂಡ ಒಂದು ವಾರ ಸಾಕು ಅಂದುಕೊಂಡ ಕೆಲಸ ಎಷ್ಟು ದಿನ ಹಿಡಿಯಿತು, ಯಾಕೆ ಹಿಡಿಯಿತು ಅಂತ ಬರೆದಿಡಲು ಯಾರೂ ಹೇಳಲಿಲ್ಲ. ಅದನ್ನು ಬರೆದಿದ್ದರೆ ಸೂತ್ರಕ್ಕಿಂತ ಜಾಸ್ತಿ ಕಲಿಯುತ್ತಿದ್ದೆವು.

ಈಗ ಪ್ರಾಜೆಕ್ಟ್ ವಿಚಾರಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ. ಮುಂದೆ ನಾನು ಕೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ನಮ್ಮ ತಂಡ ಆರಿಸಿಕೊಂಡದ್ದು ನಾವಿದ್ದ ಲೇಡೀಸ್ ಹಾಸ್ಟೆಲ್‌ನ ಮೆಸ್ ಬಿಲ್. ಅಲ್ಲಿ ಡಿವೈಡಿಂಗ್ ಸಿಸ್ಟಮ್ ಇದೆ. ತಿಂಗಳ ಒಟ್ಟು ಖರ್ಚನ್ನು ಎಲ್ಲರೂ ಊಟ ಮಾಡಿದ ಒಟ್ಟು ದಿನಗಳಿಂದ ಭಾಗಿಸುತ್ತಾರೆ. ಬಂದದ್ದು ದಿನದ ರೇಟು. ಯಾರು ಎಷ್ಟು ದಿನ ಇದ್ದರೋ ಅಷ್ಟು ದಿನದ ದುಡ್ಡು ಕಟ್ಟುತ್ತಾರೆ. ಊರಿಗೆ ಹೋಗುವವರು ಮೊದಲೇ ಚೀಟಿ ಬರೆದುಕೊಟ್ಟರೆ ಆ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಇಷ್ಟನ್ನು ಕೇಳಿದರೆ ಅರ್ಧ ಗಂಟೆಯಲ್ಲಿ ಕೋಡ್ ಬರೆಯಬಹುದು ಅನ್ನಿಸುತ್ತದೆ.

ವೇಳಾಪಟ್ಟಿಯ ಪ್ರಕಾರ ಸೆಮಿಸ್ಟರ್‌ನ ಆರಂಭದಲ್ಲೇ ಎಸ್‌ಆರ್‌ಎಸ್, ಅಂದರೆ ಸಾಫ್ಟ್‌ವೇರ್ ಏನೇನು ಮಾಡಬೇಕು (ರಿಕ್ವೈರ್‌ಮೆಂಟ್) ಅಂತ ಹೇಳುವ ದಾಖಲೆ, ಬರೆದು ಕೊಡಬೇಕಿತ್ತು. ಅದಕ್ಕೊಂದು ಸಿದ್ಧ ಫಾರ್ಮ್ಯಾಟ್ ಇದೆ. ತುಂಬಿಸಿ ಕೊಟ್ಟೆವು, ಸಹಿ ಬಿತ್ತು. ಅದರಲ್ಲಿ ಒಬ್ಬ ವಿದ್ಯಾರ್ಥಿನಿ ಒಂದು ದಿನ ರಜೆಯಲ್ಲಿದ್ದಾಳೆ ಅಥವಾ ಇಲ್ಲ ಅಂತಷ್ಟೇ ಇತ್ತು. ಎರಡೇ ಸ್ಥಿತಿ.

ಆಮೇಲೆ ಮೆಸ್ ಕ್ಲರ್ಕ್ ಹತ್ತಿರ ಹೋಗಿ ಕೂತೆವು. ಇದು ಕೋರ್ಸಿನ ನಿಯಮದಲ್ಲಿ ಇರಲಿಲ್ಲ. ಅವರು ಬರೆಯುವಾಗ ಪಕ್ಕದಲ್ಲಿ ಕೂತು ನೋಡಿದರೆ, ಲೆಡ್ಜರಿನಲ್ಲಿ ರಜೆಯ ಗುರುತುಗಳು ಕೆಲವು ಪೆನ್ಸಿಲ್‌ನಲ್ಲಿ, ಕೆಲವು ಪೆನ್ನಿನಲ್ಲಿ ಇದ್ದವು. ಯಾಕೆ ಅಂತ ಕೇಳಿದೆವು. "ಚೀಟಿ ಕೊಟ್ಟು ಹೋಗ್ತಾರೆ ಕಣಮ್ಮ, ಬಸ್ ಸಿಗ್ಲಿಲ್ಲ ಅಂತ ರಾತ್ರಿ ಊಟಕ್ಕೆ ವಾಪಸ್ ಬರ್ತಾರೆ. ಬರಲ್ಲ ಅಂತ ಗೊತ್ತಾಗೋವರ್ಗೂ ಪೆನ್ಸಿಲ್ಲು" ಅಂದರು. ಅಂದರೆ ಸ್ಥಿತಿ ಎರಡಲ್ಲ, ಮೂರು. ರಜೆ ಕೇಳಿದ್ದಾಳೆ, ರಜೆ ಖಚಿತವಾಗಿದೆ, ಇಲ್ಲೇ ಇದ್ದಾಳೆ. ಆ ಪೆನ್ಸಿಲ್ ನಮ್ಮ ಎಸ್‌ಆರ್‌ಎಸ್‌ನಲ್ಲಿ ಎಲ್ಲೂ ಇರಲಿಲ್ಲ.

ಇನ್ನೊಂದು ವಿಚಾರವೂ ಅಲ್ಲೇ ಗೊತ್ತಾಯಿತು. ಉದಾಹರಣೆಗೆ ನೂರು ಜನರ ಹಾಸ್ಟೆಲ್, 30 ದಿನದ ತಿಂಗಳು, ಖರ್ಚು 3,00,000 ರೂಪಾಯಿ ಅಂದುಕೊಳ್ಳಿ. ಒಟ್ಟು 3,000 ದಿನ, ದಿನಕ್ಕೆ 100 ರೂಪಾಯಿ. ಬಿಲ್ ಹಾಕಿದ ಮೇಲೆ ಒಬ್ಬಳು ಬಂದು ನನ್ನ ಹತ್ತು ದಿನದ ರಜೆ ಬಿಟ್ಟುಹೋಗಿದೆ ಅನ್ನುತ್ತಾಳೆ. ಈಗ ಒಟ್ಟು 2,990 ದಿನ, ದಿನಕ್ಕೆ 100 ರೂಪಾಯಿ 33 ಪೈಸೆ. ಒಬ್ಬಳ ರಜೆಗೆ ನೂರು ಜನರ ಬಿಲ್ ಬದಲಾಗುತ್ತದೆ. ಅದಾಗಲೇ ದುಡ್ಡು ಕಟ್ಟಿದವರ ಕಥೆ ಏನು? ಕ್ಲರ್ಕ್ ಇದಕ್ಕೆ ಎಂದೋ ಪರಿಹಾರ ಕಂಡುಕೊಂಡಿದ್ದರು. ಮುಚ್ಚಿದ ತಿಂಗಳನ್ನು ಮುಟ್ಟುವುದಿಲ್ಲ. ಅವಳಿಗೆ ಬರಬೇಕಾದ್ದನ್ನು ಮುಂದಿನ ತಿಂಗಳ ಬಿಲ್ಲಿನಲ್ಲಿ ಕಳೆಯುತ್ತಾರೆ, ಅದನ್ನು ಮುಂದಿನ ತಿಂಗಳ ಖರ್ಚಿಗೆ ಸೇರಿಸುತ್ತಾರೆ, ವಾರ್ಡನ್ ಸಹಿ ಹಾಕಿಸುತ್ತಾರೆ. ಕಾಮರ್ಸ್ ಓದಿದವರಿಗೆ ಇದು ಹೊಸದೇನಲ್ಲ. ನಮ್ಮ ಕೋಡ್ ಆದರೆ ಹಳೆಯ ತಿಂಗಳನ್ನು ಯಾವಾಗ ಬೇಕಾದರೂ ತಿದ್ದಲು ಬಿಡುತ್ತಿತ್ತು. ಅದು ಹಾಗೇ ಚಾಲನೆಗೆ ಬಂದಿದ್ದರೆ ಮೊದಲ ತಿಂಗಳಲ್ಲೇ ಮೆಸ್‌ನಲ್ಲಿ ಜಗಳವಾಗುತ್ತಿತ್ತು.

ನಾವು ಕೋಡ್ ತಿದ್ದಿದೆವು. ಮೂರು ಸ್ಥಿತಿ ಬಂತು, ತಿಂಗಳು ಮುಚ್ಚುವ ವ್ಯವಸ್ಥೆ ಬಂತು. ಕ್ಲಾಸ್ ಡಯಾಗ್ರಾಂ ಬದಲಾಯಿತು, ಡೇಟಾಬೇಸ್ ಬದಲಾಯಿತು. ನನ್ನ ಮಟ್ಟಿಗೆ ಸಾಫ್ಟ್‌ವೇರ್ ಎಂಜಿನಿಯರಿಂಗ್ ಶುರುವಾದದ್ದೇ ಆ ವಾರ. ಆಮೇಲೆ ಎಸ್‌ಆರ್‌ಎಸ್ ಅನ್ನೂ ತಿದ್ದಿ ಕೊಡುತ್ತೇವೆ ಅಂತ ಗೈಡ್ ಹತ್ತಿರ ಹೋದೆವು. ಸಹಿಯಾದ ದಾಖಲೆ ಬದಲಿಸಲು ಬರುವುದಿಲ್ಲ, ಬದಲಿಸಿದರೆ ಮೊದಲ ಹಂತದ ಅಂಕಗಳನ್ನು ಮತ್ತೆ ನಮೂದಿಸಬೇಕು, ಅದಕ್ಕೆ ಅವಕಾಶವಿಲ್ಲ ಅಂದರು. ಅವರು ಹೇಳಿದ್ದು ನಿಯಮ. ಅವರಿಗೂ ಅದು ಸರಿ ಅನ್ನಿಸಿರಲಿಲ್ಲ ಅನ್ನುವುದು ಮುಖದಲ್ಲಿ ಕಾಣುತ್ತಿತ್ತು. ಹಾಗಾಗಿ ಈಗ ವಿಭಾಗದ ಬೀರುವಿನಲ್ಲಿರುವ ನಮ್ಮ ವರದಿ, ನಾವು ಮಾಡದೇ ಇರುವ ಒಂದು ಸಾಫ್ಟ್‌ವೇರ್ ಬಗ್ಗೆ ಇದೆ. ಮಾಡಿದ ಸಾಫ್ಟ್‌ವೇರ್ ಬಗ್ಗೆ ಅಲ್ಲಿ ಒಂದು ಸಾಲೂ ಇಲ್ಲ.

ಕೊನೆಯ ಮೌಲ್ಯಮಾಪನದ ದಿನ ಎಕ್ಸ್‌ಟರ್ನಲ್, ಅಂದರೆ ಹೊರಗಿನ ಪರೀಕ್ಷಕರು, ಬಂದರು. ಒಂದೇ ದಿನದಲ್ಲಿ ಎಲ್ಲ ತಂಡಗಳನ್ನೂ ನೋಡಿ ಮುಗಿಸಬೇಕಾದ ಒತ್ತಡ ಅವರದು. ವರದಿ ತಿರುವಿ ಹಾಕಿದರು, ಯಾರು ಏನಕ್ಕೆ ಬಳಸುತ್ತಾರೆ ಅಂತ ತೋರಿಸುವ ಯೂಸ್ ಕೇಸ್ ಡಯಾಗ್ರಾಂ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಪ್ರೋಗ್ರಾಂ ಓಡಿಸಿ ತೋರಿಸಿ ಅನ್ನಲಿಲ್ಲ. ಫಾಂಟ್ ಸರಿಯಿಲ್ಲ, ಮಾರ್ಜಿನ್ ಸರಿಯಿಲ್ಲ ಅಂತ ವರದಿ ವಾಪಸ್ ಬಂದ ತಂಡಗಳನ್ನು ನಾನು ನೋಡಿದ್ದೇನೆ. ಪ್ರೋಗ್ರಾಂ ಓಡುವುದಿಲ್ಲ ಅಂತ ವಾಪಸ್ ಕಳಿಸಿದ ಒಂದು ತಂಡವನ್ನೂ ನೋಡಲಿಲ್ಲ.

ಮಾನ್ಯರೇ, ಪ್ರಾಜೆಕ್ಟ್ ಸೆಂಟರ್‌ಗಳ ವಿಚಾರ ತಮಗೆ ಗೊತ್ತಿಲ್ಲದ್ದೇನಲ್ಲ. ದುಡ್ಡು ಕೊಟ್ಟರೆ ಕೋಡ್, ವರದಿ, ಪಿಪಿಟಿ ಎಲ್ಲ ಸಿಗುತ್ತವೆ. ವೈವಾದಲ್ಲಿ ಏನು ಹೇಳಬೇಕು ಅಂತಲೂ ಕಲಿಸಿಕೊಡುತ್ತಾರೆ. ಅಲ್ಲಿಗೆ ಹೋದ ನನ್ನ ಸಹಪಾಠಿಗಳು ಸೋಮಾರಿಗಳಲ್ಲ. ಪ್ಲೇಸ್‌ಮೆಂಟ್ ಪರೀಕ್ಷೆ, ಬ್ಯಾಕ್‌ಲಾಗ್, ಇಂಟರ್ನಲ್ಸ್ ಎಲ್ಲ ಒಟ್ಟಿಗೆ ಬಂದಾಗ ಅವರು ಒಂದು ಲೆಕ್ಕ ಹಾಕಿದರು. ನೋಡುವುದು ವರದಿಯನ್ನು ಮಾತ್ರ ಅಂತಾದರೆ ವರದಿಯನ್ನು ಕೊಳ್ಳಬಹುದು ಅನ್ನುವುದು ಆ ಲೆಕ್ಕ. ಅವರಿಗೂ ನಮಗೂ ಹೆಚ್ಚುಕಮ್ಮಿ ಒಂದೇ ಅಂಕ ಬಂತು. ನನಗೆ ಅವರ ಮೇಲೆ ಸಿಟ್ಟಿಲ್ಲ. ಮೆಸ್ ಕ್ಲರ್ಕ್ ಪಕ್ಕ ಕೂತು ಕಲಿಯುವ ಅವಕಾಶ ಅವರಿಗೆ ತಪ್ಪಿತಲ್ಲ ಅನ್ನುವ ಬೇಸರವಿದೆ.

ಟೆಸ್ಟಿಂಗ್ ಪಾಠದ ಬಗ್ಗೆಯೂ ಒಂದು ಮಾತು. ಲ್ಯಾಬ್‌ನಲ್ಲಿ ನಾವು ಮಾಡಿದ್ದು ತ್ರಿಕೋನದ ಪ್ರೋಗ್ರಾಂ, ಕಮಿಷನ್ ಲೆಕ್ಕ, ಮರುದಿನದ ತಾರೀಖು ಹೇಳುವ ಪ್ರೋಗ್ರಾಂ. ಬೌಂಡರಿ ವ್ಯಾಲ್ಯೂ, ಅಂದರೆ ಮಿತಿಯ ಅಂಚಿನ ಬೆಲೆಗಳನ್ನು ಕೊಟ್ಟು ಪರೀಕ್ಷಿಸುವುದು, ಕಲಿಯಲು ಅವು ತಪ್ಪಲ್ಲ. ಆದರೆ ಬಿಲ್ಲಿನ ಮೇಲೆ ಹೆಸರು ಕನ್ನಡದಲ್ಲಿ ಬರಲಿ ಅಂತ ಕ್ಲರ್ಕ್ ಕೇಳಿದಾಗ ನಮಗೆ ನಿಜವಾದ ಬೌಂಡರಿ ಎದುರಾಯಿತು. 'ಲಕ್ಷ್ಮೀ' ಅಂತ ಬರೆದರೆ ಕಣ್ಣಿಗೆ ಎರಡೇ ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಅದು ಏಳು ಸಂಕೇತಗಳು, ಅವನ್ನು ಕಂಪ್ಯೂಟರ್‌ನಲ್ಲಿ ಇಡುವ ಯುಟಿಎಫ್-8 ರೀತಿಯಲ್ಲಿ 21 ಬೈಟ್. ಹೆಸರಿಗೆ ಇಪ್ಪತ್ತು ಬೈಟ್ ಸಾಕು ಅಂತ ಯಾರಾದರೂ ಬರೆದಿಟ್ಟಿದ್ದರೆ ಈ ಹೆಸರು ಮಧ್ಯದಲ್ಲಿ ಕತ್ತರಿಸಿಹೋಗುತ್ತದೆ. ಇದೇ ಥರದ್ದು ಕೊನೆಯ ಹೆಸರಿನ ಸಮಸ್ಯೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರು ಅಂತ ಇರುವುದಿಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇರುತ್ತದೆ, ಅಷ್ಟೇ. ಆನ್‌ಲೈನ್ ಫಾರಂ ಕೊನೆಯ ಹೆಸರು ಕಡ್ಡಾಯ ಅನ್ನುತ್ತದೆ. ಒಬ್ಬರು ಚುಕ್ಕಿ ಇಡುತ್ತಾರೆ, ಒಬ್ಬರು ಅಪ್ಪನ ಹೆಸರು ಹಾಕುತ್ತಾರೆ, ಆಮೇಲೆ ಒಂದು ದಾಖಲೆಗೂ ಇನ್ನೊಂದಕ್ಕೂ ಹೊಂದುವುದಿಲ್ಲ ಅಂತ ಅಲೆದಾಡುತ್ತಾರೆ. ಇಲ್ಲಿಯ ವಿದ್ಯಾರ್ಥಿ ಬರೆಯುವ ಮೊದಲ ಟೆಸ್ಟ್ ಕೇಸ್ ಇಂಥದ್ದಾಗಿರಬೇಕು.

ಪಠ್ಯದಲ್ಲಿರುವ ಉದಾಹರಣೆಗಳು ಮಾತ್ರ ಎಟಿಎಂ ಮತ್ತು ಲೈಬ್ರರಿ. ನಮ್ಮ ರಾಜ್ಯದಲ್ಲೇ ಭೂಮಿ ಯೋಜನೆ ಇದೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರ್‌ಗೆ ತಂದ ಕೆಲಸ ಅದು. ಅಲ್ಲಿಯವರೆಗೆ ಆ ದಾಖಲೆಗಳು ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದವು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕು, ಯಾರದ್ದನ್ನೂ ಹಿಂದೆ ಮುಂದೆ ಮಾಡಲು ಬರಬಾರದು ಅನ್ನುವುದನ್ನು ಸಾಫ್ಟ್‌ವೇರ್‌ನೊಳಗೇ ಕಟ್ಟಿದರು. ಅಧಿಕಾರಿ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು, ತಾನು ಮಾಡಿದ್ದನ್ನು ಮಾಡಿಲ್ಲ ಅನ್ನಲು ಆಮೇಲೆ ಬರುವುದಿಲ್ಲ. ಒಂದು ರಿಕ್ವೈರ್‌ಮೆಂಟ್ ಅಂದರೆ ಏನು, ಅದರಿಂದ ಯಾರಿಗೆ ಅನುಕೂಲ, ಯಾರಿಗೆ ಮುಜುಗರ ಅಂತ ಚರ್ಚೆ ಮಾಡಲು ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ? ರೈತರ ಮನೆಯಿಂದ ಬಂದ ವಿದ್ಯಾರ್ಥಿಗಳು ತರಗತಿಯಲ್ಲಿ ಎಷ್ಟೊಂದು ಜನ ಇದ್ದೇವೆ. ನಾಡಕಚೇರಿಯ ಸಾಲಿನಲ್ಲಿ ನಿಂತ ಅನುಭವ ನಮ್ಮ ಹತ್ತಿರ ಇದೆ. ಅದನ್ನು ಬಳಸಿಕೊಂಡು ಪಾಠ ಮಾಡಬಹುದು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕೊರತೆ ಬೇರೆ. ನಾವು ಯಾವಾಗಲೂ ಸೊನ್ನೆಯಿಂದ ಶುರು ಮಾಡುತ್ತೇವೆ. ಪ್ರತಿ ಬ್ಯಾಚ್ ಹೊಸ ಪ್ರಾಜೆಕ್ಟ್ ಮಾಡುತ್ತದೆ, ಸೆಮಿಸ್ಟರ್ ಮುಗಿದ ಮೇಲೆ ಅದನ್ನು ಯಾರೂ ತೆರೆದು ನೋಡುವುದಿಲ್ಲ. ಕೆಲಸಕ್ಕೆ ಸೇರಿದ ಸೀನಿಯರ್‌ಗಳನ್ನು ಕೇಳಿದರೆ ಅವರು ಹೇಳುವುದು ಒಂದೇ ಮಾತು. ಹೊಸ ಕೋಡ್ ಬರೆಯುವುದು ಕಡಿಮೆ, ಯಾರೋ ಬರೆದು ಹೋದ ಕೋಡ್ ಓದುವುದೇ ಜಾಸ್ತಿ. ನಮ್ಮ ಸಿಲಬಸ್‌ನಲ್ಲಿ ಮೇಂಟೆನೆನ್ಸ್ ಅನ್ನುವುದು ಕೊನೆಯ ಮಾಡ್ಯೂಲಿನ ಎರಡು ಪುಟ.

ಈ ಕ್ಷೇತ್ರದ ದೊಡ್ಡ ಅನಾಹುತಗಳನ್ನು ನೋಡಿದರೂ ಹಳೆಯ ಕೋಡ್‌ನ ವಿಚಾರ ಎದ್ದು ಕಾಣುತ್ತದೆ. ಥೆರಾಕ್-25 ಅನ್ನುವ ಕ್ಯಾನ್ಸರ್ ಚಿಕಿತ್ಸೆಯ ಯಂತ್ರ 1985ರಿಂದ 1987ರ ನಡುವೆ ಆರು ರೋಗಿಗಳಿಗೆ ವಿಪರೀತ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಅದರ ಕೋಡ್‌ನ ಒಂದಿಷ್ಟು ಭಾಗ ಹಿಂದಿನ ಯಂತ್ರಗಳಿಂದ ಬಂದದ್ದು. ಆ ಹಿಂದಿನ ಯಂತ್ರದಲ್ಲೂ ತಪ್ಪು ಇತ್ತು, ಆದರೆ ಅಲ್ಲಿ ಹಾರ್ಡ್‌ವೇರ್‌ನ ರಕ್ಷಣೆ ಇದ್ದದ್ದರಿಂದ ಯಾರಿಗೂ ಅಪಾಯವಾಗಿರಲಿಲ್ಲ. ಹೊಸ ಯಂತ್ರದಲ್ಲಿ ಆ ರಕ್ಷಣೆ ತೆಗೆದು ಎಲ್ಲವನ್ನೂ ಸಾಫ್ಟ್‌ವೇರ್‌ಗೆ ಬಿಟ್ಟರು. ತಪ್ಪಾದಾಗ ಪರದೆಯ ಮೇಲೆ ಬರುತ್ತಿದ್ದದ್ದು ಒಂದು ಸಂಖ್ಯೆ. ಅದರ ಅರ್ಥ ಆಪರೇಟರ್‌ಗೆ ಗೊತ್ತಿರಲಿಲ್ಲ, ಮುಂದುವರಿಸಲು ಒಂದು ಕೀ ಒತ್ತಿದರೆ ಸಾಕಿತ್ತು. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿನಲ್ಲಿ ಚೂರಾಯಿತು. ಅಲ್ಲೂ ಏರಿಯಾನ್ 4ರಲ್ಲಿ ಸರಿಯಾಗಿ ಓಡಿದ್ದ ಕೋಡ್ ಅನ್ನೇ ಹಾಕಿದ್ದರು. ಹೊಸ ರಾಕೆಟ್‌ನ ವೇಗ ಜಾಸ್ತಿ. ಒಂದು 64 ಬಿಟ್ ಸಂಖ್ಯೆ 16 ಬಿಟ್‌ನಲ್ಲಿ ಹಿಡಿಯಲಿಲ್ಲ. ಈ ಎರಡೂ ಕಥೆಗಳನ್ನು ನಮಗೆ ಮುನ್ನುಡಿಯಂತೆ ಹೇಳಿ ಮುಂದೆ ಹೋದರು. ಆದರೆ ಹಳೆಯ ಕೋಡ್ ಅನ್ನು ಹೊಸ ಜಾಗಕ್ಕೆ ತರುವಾಗ ಏನೇನು ನೋಡಬೇಕು ಅಂತ ಕೈಯಾರೆ ಮಾಡಿಸಲಿಲ್ಲ.

ಈಗ ಎಐ ಕೂಡ ಬಂದಿದೆ. ನಮ್ಮ ಬ್ಯಾಚ್‌ನಲ್ಲಿ ಎಲ್ಲರೂ ಬಳಸುತ್ತಾರೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೇಳಿದರೆ ಮೆಸ್ ಬಿಲ್ಲಿನ ಕೋಡ್ ನಿಮಿಷದಲ್ಲಿ ಬರುತ್ತದೆ. ಆದರೆ ಲೆಡ್ಜರಿನ ಪೆನ್ಸಿಲ್ ಗುರುತಿನ ಬಗ್ಗೆ ಅದಕ್ಕೆ ಗೊತ್ತಿಲ್ಲ, ನಾವು ಹೇಳಬೇಕು. ಬಂದ ಕೋಡ್ ಸರಿಯಿದೆಯಾ ಅಂತ ನಾವೇ ಓದಿ ನೋಡಬೇಕು. ಕೇಳಿ ತಿಳಿಯುವುದು, ಓದುವುದು, ಪರೀಕ್ಷಿಸುವುದು ಈ ಕೋರ್ಸಿನ ಜೀವಾಳ. ಅದೀಗ ಮೊದಲಿಗಿಂತ ಜಾಸ್ತಿ ಬೇಕಾಗಿದೆ.

ಇನ್ನು ನನ್ನ ವಿನಂತಿಗಳು.

ಹಿಂದಿನ ಬ್ಯಾಚ್‌ನ ಪ್ರಾಜೆಕ್ಟ್ ಅನ್ನು ಮುಂದಿನ ಬ್ಯಾಚ್‌ಗೆ ಕೊಡಿ. ಇದು ನನ್ನ ಮುಖ್ಯ ಕೋರಿಕೆ. ಪ್ರತಿ ತಂಡ ಮೊದಲ ತಿಂಗಳು ಸೀನಿಯರ್‌ಗಳ ಕೋಡ್ ಓದಲಿ, ಅದನ್ನು ತಮ್ಮ ಕಂಪ್ಯೂಟರ್‌ನಲ್ಲಿ ಓಡಿಸಲಿ, ಅದಕ್ಕೆ ಟೆಸ್ಟ್ ಬರೆಯಲಿ, ಎರಡು ತಪ್ಪು ಸರಿ ಮಾಡಲಿ, ಒಂದು ಹೊಸ ಸೌಲಭ್ಯ ಸೇರಿಸಲಿ. ಓಡಿಸಲು ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಬರೆಯಲಿ, ಅದಕ್ಕೂ ಅಂಕ ಇರಲಿ. ತಮ್ಮ ಕೋಡ್ ಅನ್ನು ಮುಂದಿನ ವರ್ಷ ಯಾರೋ ಓದುತ್ತಾರೆ ಅಂತ ಗೊತ್ತಿದ್ದರೆ ಬರೆಯುವ ರೀತಿಯೇ ಬದಲಾಗುತ್ತದೆ. ವೇರಿಯಬಲ್‌ಗೆ ಎ, ಬಿ, ಸಿ ಅಂತ ಹೆಸರಿಡುವುದು ತಾನಾಗಿ ನಿಲ್ಲುತ್ತದೆ. ಕೊಂಡು ತಂದ ಪ್ರಾಜೆಕ್ಟ್‌ಗೂ ಇಲ್ಲಿ ಜಾಗ ಕಡಿಮೆಯಾಗುತ್ತದೆ. ಇದಕ್ಕೆ ಹೊಸ ಲ್ಯಾಬ್ ಬೇಡ, ದುಡ್ಡೂ ಬೇಡ. ವಿಭಾಗದಲ್ಲಿ ಒಂದು ಗಿಟ್ ಸರ್ವರ್, ಅಂದರೆ ಎಲ್ಲರ ಕೋಡ್ ಒಂದೇ ಕಡೆ ಇಡುವ ಕಂಪ್ಯೂಟರ್, ಇದ್ದರೆ ಸಾಕು. ಲಿನಸ್ ಟೊರ್ವಾಲ್ಡ್ಸ್ ಗಿಟ್ ಶುರು ಮಾಡಿದ್ದು 2005ರಲ್ಲಿ, ಅದು ಉಚಿತ. ಯಾರು ಯಾವಾಗ ಏನು ಬದಲಿಸಿದರು ಅಂತ ಅದೇ ಇಟ್ಟುಕೊಳ್ಳುತ್ತದೆ. ತಂಡದಲ್ಲಿ ಒಬ್ಬರೇ ದುಡಿದು ಉಳಿದವರು ಹೆಸರು ಹಾಕಿಸಿಕೊಳ್ಳುವುದೂ ಅಲ್ಲಿ ಕಾಣುತ್ತದೆ.

ಸಹಿಯಾದ ಎಸ್‌ಆರ್‌ಎಸ್ ಬದಲಿಸಬಾರದು ಅನ್ನುವ ನಿಯಮ ತೆಗೆಯಿರಿ. ಬದಲಿಸಿದರೆ ಏನು ಬದಲಾಯಿತು, ಯಾರು ಹೇಳಿದ್ದರಿಂದ ಬದಲಾಯಿತು ಅಂತ ಬರೆಯಬೇಕು ಅನ್ನುವ ನಿಯಮ ತನ್ನಿ. ಇಂಟರ್ನಲ್ಸ್‌ನ 50 ಅಂಕಗಳಲ್ಲಿ ಕನಿಷ್ಠ 20 ಅಂಕ ಈ ಬದಲಾವಣೆಯ ದಾಖಲೆಗೆ ಮತ್ತು ಟೆಸ್ಟ್‌ಗಳಿಗೆ ಮೀಸಲಿಡಿ. ಪ್ರಾಜೆಕ್ಟ್‌ಗೆ ತಂಡದ ಹೊರಗಿನ ಒಬ್ಬ ಬಳಕೆದಾರರು ಇರಲೇಬೇಕು ಅಂತ ಮಾಡಿ. ಹಾಸ್ಟೆಲ್ ಕ್ಲರ್ಕ್ ಇರಲಿ, ಲೈಬ್ರರಿ ಅಟೆಂಡರ್ ಇರಲಿ, ಪಕ್ಕದ ಸರ್ಕಾರಿ ಶಾಲೆಯ ಮೇಡಂ ಇರಲಿ. ಮೌಲ್ಯಮಾಪನದ ದಿನ ಅವರಲ್ಲೊಬ್ಬರು ಸಾಫ್ಟ್‌ವೇರ್ ಅನ್ನು ತಾವೇ ಬಳಸಿ ತೋರಿಸಲಿ. ಎಕ್ಸ್‌ಟರ್ನಲ್ ಪ್ರೋಗ್ರಾಂ ಓಡಿಸಿ ನೋಡದೆ ಅಂಕ ಹಾಕಬಾರದು. ಹಾಗೆ ನೋಡಲು ಅವರಿಗೂ ಸಮಯ ಬೇಕು, ಒಂದು ದಿನದ ಬದಲು ಎರಡು ದಿನ ಕೊಡಿ.

ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ಮಾಡ್ಯೂಲಿನಿಂದ ಒಂದು ಪ್ರಶ್ನೆಯಾದರೂ ಒಂದು ಸನ್ನಿವೇಶ ಕೊಟ್ಟು ಕೇಳುವಂಥದ್ದಿರಲಿ. ಮೆಸ್ ಬಿಲ್ಲಿನ ನಿಯಮಗಳನ್ನು ಒಂದು ಪ್ಯಾರಾದಲ್ಲಿ ಕೊಟ್ಟು, ಇದರಲ್ಲಿ ಏನು ಬಿಟ್ಟುಹೋಗಿದೆ, ಕ್ಲರ್ಕ್‌ಗೆ ಯಾವ ಪ್ರಶ್ನೆ ಕೇಳುತ್ತೀರಿ ಅಂತ ಕೇಳಬಹುದು. ಇದಕ್ಕೆ ಝೆರಾಕ್ಸ್ ಅಂಗಡಿಯಲ್ಲಿ ಉತ್ತರ ಸಿಗುವುದಿಲ್ಲ. ಮೌಲ್ಯಮಾಪನ ಕಷ್ಟವಾಗುತ್ತದೆ ಅನ್ನುವುದು ನಿಜ. ಒಂದೇ ಸರಿಯುತ್ತರ ಇರುವುದಿಲ್ಲ. ಆದರೂ ಒಳ್ಳೆಯ ಉತ್ತರ ಯಾವುದು ಅಂತ ಅನುಭವವಿರುವ ಮೇಷ್ಟ್ರಿಗೆ ಓದಿದ ತಕ್ಷಣ ಗೊತ್ತಾಗುತ್ತದೆ.

ವೈವಾ ಕನ್ನಡದಲ್ಲಿ ಕೊಡಲು ಬಿಡಿ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ 2021ರಲ್ಲೇ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಿದೆ. ನಮ್ಮ ತಂಡದಲ್ಲಿ ಕ್ಲರ್ಕ್ ಜೊತೆ ಚೆನ್ನಾಗಿ ಮಾತಾಡಿ ವಿಷಯ ತೆಗೆದವಳು ಹಳ್ಳಿಯ ಕನ್ನಡ ಮೀಡಿಯಂ ಶಾಲೆಯಿಂದ ಬಂದವಳು. ತಿಂಗಳು ಮುಚ್ಚುವ ನಿಯಮ ಹಿಡಿದದ್ದೂ ಅವಳೇ. ವೈವಾದಲ್ಲಿ ಇಂಗ್ಲಿಷ್ ತಡವರಿಸಿತು, ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ಅವಳಿಗೆ ಬಂತು. ಈ ಅನ್ಯಾಯ ನನ್ನ ಕಣ್ಣೆದುರೇ ಆಯಿತು.

ಇದೆಲ್ಲ ಆಗಬೇಕಾದರೆ ಮೇಷ್ಟ್ರುಗಳಿಗೆ ಬಿಡುವು ಬೇಕು. ನಮ್ಮ ಗೈಡ್ ಸಂಜೆ ಹೊತ್ತು ನಮ್ಮ ಜೊತೆ ಕೂರಬೇಕಾದ ಸಮಯದಲ್ಲಿ ಅಕ್ರೆಡಿಟೇಶನ್ ಫೈಲ್, ಸಿಒ-ಪಿಒ ಮ್ಯಾಪಿಂಗ್ (ಕೋರ್ಸಿನ ಗುರಿಗಳನ್ನು ಪದವಿಯ ಗುರಿಗಳಿಗೆ ಹೊಂದಿಸುವ ಪಟ್ಟಿ) ತುಂಬಿಸುತ್ತಿದ್ದರು. ಎಷ್ಟೋ ತಂಡಗಳು ಅವರೊಬ್ಬರ ಮೇಲಿದ್ದವು. ಒಬ್ಬ ಗೈಡ್‌ಗೆ ಇಷ್ಟೇ ತಂಡ ಅಂತ ಮಿತಿ ಹಾಕಿ, ಪ್ರಾಜೆಕ್ಟ್ ಮಾರ್ಗದರ್ಶನವನ್ನು ಅವರ ಪಾಠದ ಗಂಟೆಗಳ ಲೆಕ್ಕದಲ್ಲಿ ಸೇರಿಸಿ. ಈ ವಿನಂತಿಯನ್ನು ಅವರ ಪರವಾಗಿ ನಾನೇ ಮಾಡುತ್ತಿದ್ದೇನೆ, ಅವರು ಕೇಳಿಕೊಂಡದ್ದಲ್ಲ.

ಮುಂದಿನ ಸ್ಕೀಮ್ (ಹೊಸ ಪಠ್ಯಕ್ರಮ) ಸಿದ್ಧ ಮಾಡುವ ಸಭೆಗೆ ಈ ಕೋರ್ಸ್ ಈಗಷ್ಟೇ ಮುಗಿಸಿದ ಕೆಲವು ವಿದ್ಯಾರ್ಥಿಗಳನ್ನು ಕರೆಯಿರಿ. ಕಂಪನಿಗಳವರನ್ನು ಕರೆಯುತ್ತೀರಿ, ಹಳೆಯ ವಿದ್ಯಾರ್ಥಿಗಳನ್ನು ಕರೆಯುತ್ತೀರಿ, ನಮ್ಮನ್ನೂ ಕರೆಯಿರಿ. ನಮ್ಮ ಮೆಸ್ ಬಿಲ್ಲಿನ ಕೋಡ್, ಟೆಸ್ಟ್‌ಗಳು, ತಿದ್ದಿದ ಎಸ್‌ಆರ್‌ಎಸ್ ಎಲ್ಲವನ್ನೂ ಒಟ್ಟು ಮಾಡಿ ಇಟ್ಟಿದ್ದೇವೆ. ಹಾಸ್ಟೆಲ್‌ನಲ್ಲಿ ಅದನ್ನು ಬಳಸಲು ಕ್ಲರ್ಕ್ ಮತ್ತು ವಾರ್ಡನ್ ಒಪ್ಪಿದ್ದಾರೆ. ನಾವು ಹೋದ ಮೇಲೆ ತಪ್ಪು ಬಂದರೆ ಸರಿ ಮಾಡುವವರು ಯಾರು ಅಂತ ಅವರು ಕೇಳಿದ್ದಾರೆ, ನಮ್ಮ ಹತ್ತಿರ ಉತ್ತರವಿಲ್ಲ. ಮುಂದಿನ ಸೆಮಿಸ್ಟರ್‌ನ ಒಂದು ತಂಡಕ್ಕೆ ಅದನ್ನು ವಹಿಸಿಕೊಡಲು ತಾವು ಅನುಮತಿ ಕೊಟ್ಟರೆ, ತರಗತಿ ಶುರುವಾಗುವ ವಾರವೇ ಬಂದು ಅವರ ಜೊತೆ ಕೂತು ಎಲ್ಲವನ್ನೂ ವಿವರಿಸಲು ನಮ್ಮ ತಂಡ ಸಿದ್ಧವಿದೆ. ಅಷ್ಟರೊಳಗೆ ತಮ್ಮ ಉತ್ತರ ಬರಲಿ ಅಂತ ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಕಂಪ್ಯೂಟರ್ ಸೈನ್ಸ್ ವಿಭಾಗದ ಒಬ್ಬ ವಿದ್ಯಾರ್ಥಿನಿ